ಬೆಳಕಿಗೊಂದು ಮಾಪಕ, ಬಿಸಿಲಿಗೊಂದು ಟೋಪಿ

ಕ್ರಿಕೆಟ್ ಅಂಪೈರಿನ ಜೇಬಿನಲ್ಲಿ ಏನೇನಿರುತ್ತದೆ ಎಂದು ಕೇಳಿದರೆ ನಾನು ಪಟ್ಟಿಯನ್ನೇ ಒಪ್ಪಿಸಬಲ್ಲೆ. ಎಸೆತ ಎಣಿಸುವ ಪುಟ್ಟ ಕೌಂಟರ್, ಚೆಂಡಿನ ಸುತ್ತಳತೆ ನೋಡುವ ಲೋಹದ ಬಳೆ, ಒಂದು ಜೊತೆ ಹೆಚ್ಚುವರಿ ಬೇಲ್ಸ್, ಸಣ್ಣ ಕತ್ತರಿ, ಒದ್ದೆ ಚೆಂಡು ಒರೆಸುವ ಬಟ್ಟೆಯ ಚೂರು, ಪೆನ್ಸಿಲ್. ದೊಡ್ಡ ಪಂದ್ಯವಾದರೆ ಇವುಗಳ ಜೊತೆಗೆ ಬೆಳಕನ್ನು ಅಳೆಯುವ ಮಾಪಕ. ಸಂಜೆ ಮೋಡ ಕವಿದೊಡನೆ ಇಬ್ಬರೂ ಅಂಪೈರುಗಳು ಅದನ್ನು ಹೊರತೆಗೆದು, ತಲೆಗೆ ತಲೆ ತಾಗಿಸಿ, ಅಂಕಿ ನೋಡಿ, ಆಟ ನಿಲ್ಲಿಸುವ ದೃಶ್ಯವನ್ನು ಟೀವಿಯ ಮುಂದೆ ಕೂತವರೆಲ್ಲ ಕಂಡಿದ್ದೀರಿ. ಬಿಸಿಲನ್ನು ಅಳೆಯಲು ಮಾತ್ರ ಆ ಜೇಬಿನಲ್ಲಿ ಏನೂ ಇರುವುದಿಲ್ಲ. ಅದಕ್ಕಾಗಿ ನಮಗೆ ಹಾಕಿರುವುದು ಟೋಪಿ. ಈ ಮಾತನ್ನು ಕನ್ನಡಿಗರು ಯಾವ ಅರ್ಥದಲ್ಲಿ ಬೇಕಾದರೂ ತೆಗೆದುಕೊಳ್ಳಬಹುದು.

ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ಈ ದೇಶದ ಬಯಲು ಮೈದಾನಗಳಲ್ಲಿ ನಡೆಯುವ ಶಾಲಾ ರಜೆಯ ಟೂರ್ನಿಗಳು, ಕಚೇರಿ ಲೀಗುಗಳು, ಅಕಾಡೆಮಿ ಕಪ್ಪುಗಳು ಇವೆಯಲ್ಲ, ಅವುಗಳಲ್ಲಿ ತೀರ್ಪುಗಾರರಾಗಿ ನಿಲ್ಲುವವರನ್ನು ನಾವು ತಿಳಿದೂ ತಿಳಿದೂ ಅಪಾಯಕ್ಕೆ ಒಡ್ಡುತ್ತಿದ್ದೇವೆ ಎಂಬುದು ನನ್ನ ಆರೋಪ. ‘ನಾವು’ ಎಂದು ಬೇಕೆಂದೇ ಬರೆದಿದ್ದೇನೆ. ಆರೋಪಿಗಳ ಸಾಲಿನಲ್ಲಿ ನಾನೂ ನಿಂತಿದ್ದೇನೆ.

2024ರ ಮೇ ತಿಂಗಳ ಕೊನೆಯ ವಾರ, ದೆಹಲಿಯ ಹೊರವಲಯದ ಒಂದು ಬಾಡಿಗೆ ಮೈದಾನ, ಹದಿನಾರು ವರ್ಷದೊಳಗಿನ ಹುಡುಗರ 40 ಓವರುಗಳ ಪಂದ್ಯ. ನನ್ನ ಜೊತೆಗಿದ್ದವರು ಧಾರವಾಡ ಕಡೆಯ ಹಿರಿಯರು. ಎಲ್ಲರೂ ಅವರನ್ನು ಮೇಷ್ಟ್ರು ಎಂದೇ ಕರೆಯುವುದು, ನಾನೂ ಹಾಗೆಯೇ ಕರೆಯುತ್ತೇನೆ. ಅರವತ್ತರ ಹತ್ತಿರದವರು. ನಿವೃತ್ತಿಯ ನಂತರ ವಾರಕ್ಕೆ ಮೂರು ನಾಲ್ಕು ಪಂದ್ಯಗಳಲ್ಲಿ ನಿಂತು ಬಂದ ಸಂಭಾವನೆಯಿಂದ ಮನೆಯ ಖರ್ಚಿನ ಒಂದು ಭಾಗ ತೂಗಿಸುತ್ತಿದ್ದರು. ಸರ್ಕಾರಿ ನೌಕರನಾದ ನಾನು ಸಂಭಾವನೆ ಮುಟ್ಟುವುದಿಲ್ಲ, ಹವ್ಯಾಸಕ್ಕೆ ನಿಲ್ಲುವವನು. ಈ ವ್ಯತ್ಯಾಸವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಮೈದಾನದ ನಡುವೆ ನಾವಿಬ್ಬರೂ ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದೆವು. ಹುಡುಗರಿಗೆ ಅರ್ಥವಾಗದ ಭಾಷೆಯಲ್ಲಿ ಅವರ ಬೌಲಿಂಗಿನ ಬಗ್ಗೆ ಎರಡು ಮಾತು ಆಡುವುದು ಪರನಾಡಿನ ಕನ್ನಡಿಗರ ಸಣ್ಣ ಸುಖಗಳಲ್ಲೊಂದು.

ಒಂಬತ್ತೂವರೆಗೆ ಶುರುವಾದ ಪಂದ್ಯದ ಎರಡನೆಯ ಸರದಿ ಮಧ್ಯಾಹ್ನ ಒಂದಕ್ಕೆ ಆರಂಭವಾಯಿತು. ನೀರಿನ ವಿರಾಮದಲ್ಲಿ ನಾನು ಲೋಟ ಚಾಚಿದೆ. “ನೀರು ಬ್ಯಾಡ ತಮ್ಮಾ, ಹೊಟ್ಟಿ ತೊಳಸಲಿಕ್ಕತ್ತದ” ಎಂದರು. ಡ್ರಮ್ಮಿನ ನೀರು ಸ್ನಾನಕ್ಕೆ ಹದವಾಗಿತ್ತು. ನನಗೂ ಒಂದು ಗುಟುಕಿಗಿಂತ ಹೆಚ್ಚು ಇಳಿಯಲಿಲ್ಲ. ಆಮೇಲೆ ಅವರು ಒಂದು ಓವರಿನಲ್ಲಿ ಏಳು ಎಸೆತ ಹಾಕಿಸಿದರು. ಹುಡುಗರು ನಕ್ಕರು. ಮುಂದಿನ ಸಲ ಅವರ ತುದಿಯಿಂದ ಮತ್ತೆ ಏಳು. ಮೂವತ್ತು ವರ್ಷ ಎಣಿಸಿದ ಮನುಷ್ಯ. “ಎಷ್ಟ ಆದವೋ?” ಎಂದು ಸ್ಕ್ವೇರ್ ಲೆಗ್ಗಿನಲ್ಲಿದ್ದ ನನ್ನನ್ನು ಕೂಗಿ ಕೇಳಿದರು. ನಾನು ಬೆರಳು ತೋರಿಸಿದೆ. ಅವರು ನನ್ನ ಬೆರಳುಗಳನ್ನೇ ನೋಡುತ್ತ ನಿಂತರು, ಅವು ಯಾವುದೋ ಅಪರಿಚಿತ ಲಿಪಿಯ ಅಕ್ಷರಗಳು ಎಂಬಂತೆ. ಎರಡು ಓವರುಗಳ ಬಳಿಕ ಸ್ಟಂಪುಗಳ ಮೇಲೆ ಕೈ ಊರಲು ಹೋಗಿ, ಸ್ಟಂಪುಗಳ ಸಮೇತ ಉರುಳಿದರು. ಮುಟ್ಟಿದರೆ ಮೈ ರೊಟ್ಟಿಯ ಹಂಚು. ಒಬ್ಬ ಹುಡುಗನ ತಂದೆ, ಪುಣ್ಯಾತ್ಮ, ತಂಪು ಪಾನೀಯದ ಪೆಟ್ಟಿಗೆಯಲ್ಲಿದ್ದ ಮಂಜುಗಡ್ಡೆಯನ್ನೆಲ್ಲ ತಂದು ಕಂಕುಳು, ಕುತ್ತಿಗೆ, ತೊಡೆಸಂದಿಗೆ ಒತ್ತಿದರು. ಪಿಚ್ಚಿಗೆ ನೀರು ಬಿಡುವ ಕೊಳವೆಯನ್ನು ಎಳೆದು ತಂದು ಮೈಮೇಲೆ ಹರಿಸಿದೆವು. ಆ ಹೊತ್ತಿನಲ್ಲಿ ಸಂಘಟಕರು ನನ್ನ ಬಳಿ ಬಂದು ಕೇಳಿದ ಮೊದಲ ಪ್ರಶ್ನೆ: “ಅವರ ಜಾಗಕ್ಕೆ ಯಾರು ನಿಲ್ಲುತ್ತಾರೆ?”

ಮೇಷ್ಟ್ರು ಬದುಕಿದರು. ನಾಲ್ಕು ದಿನ ಆಸ್ಪತ್ರೆಯಲ್ಲಿದ್ದರು. ಮೂತ್ರಪಿಂಡಕ್ಕೆ ತಟ್ಟಿದ ಪೆಟ್ಟು ಸರಿಯಾಗಲು ತಿಂಗಳುಗಳೇ ಹಿಡಿದವು. ಅವರು ಮತ್ತೆ ಮೈದಾನಕ್ಕೆ ಇಳಿದಿಲ್ಲ. ಒಂದೂವರೆ ಸಾವಿರ ರೂಪಾಯಿಯ ಸಂಭಾವನೆಯಲ್ಲಿ ಏಳುನೂರ ಐವತ್ತು ಅವರ ಮನೆ ತಲುಪಿತು. ಅರ್ಧ ಪಂದ್ಯಕ್ಕೆ ಅರ್ಧ ಹಣ. ಲೆಕ್ಕ ಚೊಕ್ಕವಾಗಿತ್ತು.

ಸಂಘಟಕರನ್ನು ಬೈದು ಮುಗಿಸುವುದು ಸುಲಭ. ಆದರೆ ಕ್ರಿಕೆಟ್ ನಿಯಮಾವಳಿಯ ಎರಡನೆಯ ನಿಯಮ ನನ್ನನ್ನು ಹಾಗೆ ತಪ್ಪಿಸಿಕೊಳ್ಳಲು ಬಿಡುವುದಿಲ್ಲ. ನೆಲ, ಹವೆ, ಬೆಳಕು ಅಥವಾ ಬೇರಾವುದೇ ಅಸಾಧಾರಣ ಪರಿಸ್ಥಿತಿಯಿಂದ ಆಟ ಅಪಾಯಕಾರಿಯೋ ಅನುಚಿತವೋ ಆಗುತ್ತದೆಯೇ ಎಂದು ನಿರ್ಣಯಿಸುವ ಅಧಿಕಾರ ಇಬ್ಬರು ಅಂಪೈರುಗಳಿಗೆ ಮಾತ್ರ ಸೇರಿದ್ದು ಎಂದು ಅದು ಹೇಳುತ್ತದೆ. ಅಪಾಯವೆಂದರೆ ಏನು ಎಂಬುದನ್ನೂ ಬಿಡಿಸಿ ಹೇಳುತ್ತದೆ: ಯಾವುದೇ ಆಟಗಾರನ ‘ಅಥವಾ ಅಂಪೈರಿನ’ ಸುರಕ್ಷತೆಗೆ ವಾಸ್ತವವಾದ, ಮುಂಗಾಣಬಹುದಾದ ಗಂಡಾಂತರ. ಆ ನಿಯಮವನ್ನು ಪರೀಕ್ಷೆಗೆಂದು ಕಂಠಪಾಠ ಮಾಡಿದವನು ನಾನು. ಅಂದು ಮೈದಾನದಲ್ಲಿ ಆಟ ನಿಲ್ಲಿಸುವ ಅಧಿಕಾರ ಜಗತ್ತಿನಲ್ಲಿ ಇಬ್ಬರಿಗಿತ್ತು. ಒಬ್ಬರಿಗೆ ಎಣಿಕೆ ತಪ್ಪುತ್ತಿತ್ತು. ಇನ್ನೊಬ್ಬನು ಬೆರಳು ತೋರಿಸುತ್ತಿದ್ದನು. ಮೇಷ್ಟ್ರಿಗಾದರೂ ಪಂದ್ಯ ನಿಂತರೆ ಹಣ ಹೋಗುತ್ತಿತ್ತು. ನನಗೆ ಕಳೆದುಕೊಳ್ಳುವುದಕ್ಕೆ ಏನೂ ಇರಲಿಲ್ಲ. ಆದರೂ ನಾನು ನಿಲ್ಲಿಸಲಿಲ್ಲ. ಯಾಕೆ? ಹನ್ನೊಂದು ವರ್ಷದ ನನ್ನ ಅಂಪೈರಿಂಗಿನಲ್ಲಿ ಬಿಸಿಲಿಗಾಗಿ ಆಟ ನಿಂತದ್ದನ್ನು ನಾನು ಕಂಡೇ ಇರಲಿಲ್ಲ. ಮಳೆಗೆ ನಿಲ್ಲಿಸಿದ್ದೇನೆ, ಮಬ್ಬಿಗೆ ನಿಲ್ಲಿಸಿದ್ದೇನೆ, ಜೇನುಹುಳು ಬಂದಾಗ ಎಲ್ಲರೊಡನೆ ನೆಲಕ್ಕೆ ಬೋರಲು ಬಿದ್ದಿದ್ದೇನೆ. ಬಿಸಿಲಿಗೆ ನಿಲ್ಲಿಸುವುದೆಂದರೆ ಅಳುಬುರುಕತನ ಎಂಬುದು ಯಾರೂ ಬರೆಯದ ನಿಯಮ. ಬರೆದ ನಿಯಮಕ್ಕಿಂತ ಅದನ್ನೇ ನಾನು ಹೆಚ್ಚು ನಿಷ್ಠೆಯಿಂದ ಪಾಲಿಸಿದೆ.

ಇದರ ಬೇರು ಆಟದ ಹುಟ್ಟಿನಲ್ಲೇ ಇದೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಆ ದ್ವೀಪದ ಬೇಸಿಗೆಯ ಪರಿಚಯವಿರುತ್ತದೆ. ಅಲ್ಲಿನ ಕವಿಗಳು ಬಿಸಿಲನ್ನು ನೆಂಟನ ಹಾಗೆ ಕಾಯುತ್ತಾರೆ. ಆ ನಾಡಿನ ಆಟಕ್ಕೆ ಶತ್ರುಗಳೆಂದರೆ ಮಳೆ ಮತ್ತು ಮಬ್ಬು. ಹಾಗಾಗಿ ನಿಯಮಾವಳಿಗೆ ಒದ್ದೆ ನೆಲದ ಬಗ್ಗೆ, ಪಿಚ್ಚಿನ ಹೊದಿಕೆಯ ಬಗ್ಗೆ, ಕುಂದುವ ಬೆಳಕಿನ ಬಗ್ಗೆ ಎಷ್ಟು ಸೂಕ್ಷ್ಮವಾದ ಕಾಳಜಿ! ಹಸಿ ಚೆಂಡು, ಒಣ ಚೆಂಡುಗಳ ನಡುವಣ ಭೇದವೆಲ್ಲ ಅದಕ್ಕೆ ಗೊತ್ತು. ಕಲಬುರಗಿಯ ಮೇ ತಿಂಗಳು ಗೊತ್ತಿಲ್ಲ. ನಿಯಮ ಬರೆದವರ ತಪ್ಪು ಅದಲ್ಲ. ಆಟವನ್ನು ಎರವಲು ತಂದು, ನಮ್ಮದೆಂದು ಕರೆದು, ಅದರ ಹಣದ ಹೊಳೆಯನ್ನು ನಮ್ಮತ್ತ ತಿರುಗಿಸಿಕೊಂಡ ಮೇಲೂ ನಮ್ಮ ಹವೆಗೆ ತಕ್ಕ ಒಂದು ಸಾಲನ್ನು ಅದಕ್ಕೆ ಸೇರಿಸದಿದ್ದುದು ನಮ್ಮ ತಪ್ಪು. 2017ರ ಡಿಸೆಂಬರಿನಲ್ಲಿ ಇದೇ ದೆಹಲಿಯ ಕೋಟ್ಲಾದಲ್ಲಿ ಶ್ರೀಲಂಕಾದ ಆಟಗಾರರು ಮೂಗಿಗೆ ಮುಖಗವಸು ಕಟ್ಟಿ ಮೈದಾನಕ್ಕಿಳಿದಾಗ, ಹೊಗೆಮಂಜಿನ ಕಾರಣಕ್ಕೆ ಆಟ ಮತ್ತೆ ಮತ್ತೆ ನಿಂತಿತು. ಅಂಪೈರುಗಳು ವೈದ್ಯರನ್ನು ಕೇಳಿದರು, ಪಂದ್ಯದ ರೆಫ್ರಿಯನ್ನು ಕೇಳಿದರು. ಅಂದು ನಮ್ಮ ಪ್ರೇಕ್ಷಕರು ಶ್ರೀಲಂಕಾದವರನ್ನು ನಾಟಕಕಾರರೆಂದು ಹೀಯಾಳಿಸಿದ್ದನ್ನು ಮರೆತಿಲ್ಲ. ನಮ್ಮ ಗಾಳಿ, ನಮ್ಮ ಬಿಸಿಲು ಯಾರಿಗಾದರೂ ಹೆಚ್ಚೆನಿಸಿದರೆ ಅದು ನಮ್ಮ ಮಾನದ ಪ್ರಶ್ನೆಯಾಗಿಬಿಡುತ್ತದೆ!

ಬಿಸಿಲಿನ ಬಗೆಗಿನ ನಮ್ಮ ಪುರಾಣ ಹೇಗೆ ಕಟ್ಟಿಕೊಂಡಿದೆ ಎಂಬುದಕ್ಕೆ 1986ರ ಸೆಪ್ಟೆಂಬರಿನ ಚೆಪಾಕ್ ಟೆಸ್ಟಿಗಿಂತ ಒಳ್ಳೆಯ ಸಾಕ್ಷಿ ಬೇಡ. ಮದರಾಸಿನ ಆ ಕುದಿಯುವ ಸೆಕೆಯಲ್ಲಿ ಡೀನ್ ಜೋನ್ಸ್ ಎಂಟು ಗಂಟೆಗೂ ಹೆಚ್ಚು ಆಡಿ, ವಾಂತಿ ಮಾಡಿಕೊಳ್ಳುತ್ತ 210 ಹೊಡೆದು, ಆಸ್ಪತ್ರೆ ಸೇರಿ ಸಲೈನ್ ಹಾಕಿಸಿಕೊಂಡದ್ದು ಎಲ್ಲರಿಗೂ ಗೊತ್ತು. ಆ ಸೆಕೆಯಲ್ಲೂ ಗ್ರೆಗ್ ಮ್ಯಾಥ್ಯೂಸ್ ಸ್ವೆಟರ್ ತೊಟ್ಟಿದ್ದ ಎಂಬುದೂ ಗೊತ್ತು. ಪಂದ್ಯ ಟೈ ಆದದ್ದಂತೂ ಕ್ರಿಕೆಟ್ ಬಲ್ಲ ಮಕ್ಕಳಿಗೂ ಗೊತ್ತು. ಆದರೆ ಆ ಐದೂ ದಿನ, ನಾಲ್ಕೂ ಸರದಿಗಳಲ್ಲಿ, ಒಂದು ಎಸೆತವನ್ನೂ ಬಿಡದೆ ಬಿಸಿಲಿನಲ್ಲಿ ನಿಂತಿದ್ದ ಇಬ್ಬರು ಯಾರು? ಮುಂಬಯಿಯ ದಾರಾ ದೋತಿವಾಲಾ ಮತ್ತು ನಮ್ಮ ಕರ್ನಾಟಕದ ವಿ. ವಿಕ್ರಮರಾಜು. ಜೋನ್ಸ್ ಔಟಾದ ಮೇಲೆ ಮಲಗಿದರು. ಅಂಪೈರುಗಳು ಮುಂದಿನ ಎಸೆತಕ್ಕೆ ಬಾಗಿದರು. ಐದನೆಯ ದಿನದ ಸಂಜೆ, ಕೊನೆಯ ಓವರಿನ ಐದನೆಯ ಎಸೆತದಲ್ಲಿ, ಮಣಿಂದರ್ ಸಿಂಗ್ ಕಾಲಿಗೆ ಚೆಂಡು ತಗುಲಿ, ಆಸ್ಟ್ರೇಲಿಯದ ಹನ್ನೊಂದು ಜನ ಒಟ್ಟಿಗೆ ಕೂಗಿದಾಗ ವಿಕ್ರಮರಾಜು ಬೆರಳೆತ್ತಿದರು. ಚೆಂಡು ಬ್ಯಾಟಿಗೆ ತಾಗಿತ್ತು ಎಂಬ ವಾದ ಇಂದಿಗೂ ನಿಂತಿಲ್ಲ. ಅವರು ಮತ್ತೆ ಟೆಸ್ಟ್ ಪಂದ್ಯದಲ್ಲಿ ನಿಲ್ಲಲಿಲ್ಲ. ಆ ತೀರ್ಪು ಸರಿಯೋ ತಪ್ಪೋ ನಾನು ಹೇಳಲಾರೆ. ಮೈದಾನದಲ್ಲಿದ್ದ ಮನುಷ್ಯನ ಕಣ್ಣಿಗೆ ಕಂಡದ್ದರ ಬಗ್ಗೆ ಟೀವಿ ನೋಡಿದವರು ಮಾತಾಡುವುದು ನನಗೆ ಸೇರುವುದಿಲ್ಲ. ನಾನು ಕೇಳುವುದು ಇಷ್ಟು: ಒಂದೇ ಬಿಸಿಲಿನಲ್ಲಿ ಬೆಂದ ಬ್ಯಾಟ್ಸ್‌ಮನ್‌ಗೆ ವೀರಗಾಥೆ, ಐದು ದಿನ ನಿಂತ ಅಂಪೈರಿಗೆ ಒಂದು ಎಸೆತದ ಮೇಲಿನ ದೂರು. ಬಿಸಿಲನ್ನು ಯಾರ ಖಾತೆಗೆ ಬರೆಯಬೇಕು, ಯಾರ ಖಾತೆಗೆ ಬರೆಯಬಾರದು ಎಂಬುದನ್ನು ನಾವು ಎಂದೋ ತೀರ್ಮಾನಿಸಿಬಿಟ್ಟಿದ್ದೇವೆ.

ಇನ್ನು ಅಳತೆಯ ಮಾತು. ಮೇಷ್ಟ್ರು ಬಿದ್ದ ಅದೇ ವಾರ ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಕೇಂದ್ರ 52.9 ಡಿಗ್ರಿ ತೋರಿಸಿ ದೇಶವೆಲ್ಲ ಹೌಹಾರಿತು. ಉಪಕರಣ ಮೂರು ಡಿಗ್ರಿ ಹೆಚ್ಚು ತೋರಿಸಿತ್ತು ಎಂದು ಹವಾಮಾನ ಇಲಾಖೆ ಆಮೇಲೆ ತಿಳಿಸಿತು. ಆ ಮೂರು ಡಿಗ್ರಿಯ ಮೇಲೆ ವಾರಗಟ್ಟಲೆ ಚರ್ಚೆಯಾಯಿತು. ಇಲಾಖೆ ಪ್ರಕಟಿಸುವ ಯಾವುದೇ ಉಷ್ಣಾಂಶ ನೆರಳಿನ ಉಷ್ಣಾಂಶ ಎಂಬ ಸರಳ ಸಂಗತಿಯನ್ನು ಮಾತ್ರ ಯಾರೂ ಎತ್ತಲಿಲ್ಲ. ನೆಲದಿಂದ ಸುಮಾರು ನಾಲ್ಕು ಅಡಿ ಎತ್ತರದಲ್ಲಿ, ಗಾಳಿಯಾಡುವ ಬಿಳಿಯ ಮರದ ಪೆಟ್ಟಿಗೆಯೊಳಗೆ, ಬಿಸಿಲು ತಾಗದಂತೆ ಇಟ್ಟ ಮಾಪಕದ ಅಂಕಿ ಅದು. ಅಂಪೈರು ಬಿಳಿ ಪೆಟ್ಟಿಗೆಯೊಳಗೆ ನಿಂತಿರುವುದಿಲ್ಲ. ಅವನ ಕೆಳಗೆ ಉರುಳುಗಲ್ಲು ಹೊಡೆದು ಬಿಗಿಗೊಳಿಸಿದ ಬೋಳು ಪಿಚ್ಚು. ಮೇಲೆ ನೇರ ಸೂರ್ಯ. ಕಾಲಿಗೆ ಕಪ್ಪು ಪ್ಯಾಂಟು.

ಇದಕ್ಕೆ ಸರಿಯಾದ ಅಳತೆ ಇಲ್ಲವೆಂದಲ್ಲ. 1950ರ ದಶಕದಲ್ಲೇ ಅಮೆರಿಕದ ಸೈನಿಕ ತರಬೇತಿ ಶಿಬಿರಗಳಲ್ಲಿ ಎಳೆಯ ಹುಡುಗರು ಕವಾಯತಿನಲ್ಲಿ ಕುಸಿದು ಸಾಯುವುದನ್ನು ತಡೆಯಲೆಂದು ಅದನ್ನು ರೂಪಿಸಿದರು. ಹೆಸರು ‘ವೆಟ್ ಬಲ್ಬ್ ಗ್ಲೋಬ್ ಟೆಂಪರೇಚರ್’. ಒದ್ದೆ ಬಟ್ಟೆ ಸುತ್ತಿದ ಮಾಪಕದ ಅಂಕಿಗೆ ಹತ್ತರಲ್ಲಿ ಏಳು ಪಾಲು ತೂಕ, ಬಿಸಿಲಿನಲ್ಲಿಟ್ಟ ಕಪ್ಪು ಗೋಳದೊಳಗಿನ ಅಂಕಿಗೆ ಎರಡು ಪಾಲು, ಗಾಳಿಯ ಬರಿಯ ಉಷ್ಣಾಂಶಕ್ಕೆ ಒಂದೇ ಪಾಲು. ನಾವು ದಿನಪತ್ರಿಕೆಯಲ್ಲಿ ಓದಿ ಬೆಚ್ಚುವ ಅಂಕಿಗೆ ಇಲ್ಲಿ ಸಿಗುವ ಮರ್ಯಾದೆ ಹತ್ತರಲ್ಲಿ ಒಂದು ಮಾತ್ರ. ಒದ್ದೆ ಮಾಪಕಕ್ಕೆ ಅಷ್ಟು ತೂಕ ಏಕೆಂದರೆ ಮನುಷ್ಯನ ಮೈ ತಣಿಯುವುದು ಬೆವರು ಆರುವುದರಿಂದ. ಗಾಳಿಯಲ್ಲಿ ಮೊದಲೇ ತೇವ ತುಂಬಿದ್ದರೆ ಬೆವರು ಹರಿಯುತ್ತದೆಯೇ ಹೊರತು ಆರುವುದಿಲ್ಲ.

ಒಂದು ಲೆಕ್ಕ ಹಾಕಿ ನೋಡೋಣ. ದೆಹಲಿಯ ಒಣ ಮಧ್ಯಾಹ್ನ: ಗಾಳಿ 44, ಕಪ್ಪು ಗೋಳ 60, ಒದ್ದೆ ಮಾಪಕ 25 ಎಂದಿಟ್ಟುಕೊಳ್ಳಿ. ಕೂಡಿದರೆ ಸುಮಾರು 34. ಚೆನ್ನೈಯ ಅಥವಾ ಮುಂಬಯಿಯ ಒಂದು ಸಾಮಾನ್ಯ ಮಧ್ಯಾಹ್ನ: ಗಾಳಿ 34, ಗೋಳ 48, ಒದ್ದೆ ಮಾಪಕ 29. ಕೂಡಿದರೆ 33ರ ಮೇಲೆ. ಹತ್ತು ಡಿಗ್ರಿಯ ಅಂತರ ಕರಗಿ ಒಂದಕ್ಕಿಂತ ಕಡಿಮೆಯಾಯಿತು! ಮುಂಬಯಿ, ಚೆನ್ನೈಗಳ ಗೆಳೆಯರು “ನಿಮ್ಮ ದೆಹಲಿಯ ಬಿಸಿಲಪ್ಪಾ” ಎಂದು ನಮ್ಮ ಬಗ್ಗೆ ಮರುಗುವುದುಂಟು. ಆ ಮರುಕವನ್ನು ಸ್ವಲ್ಪ ತಮಗೂ ಉಳಿಸಿಕೊಳ್ಳಲಿ. 2023ರ ಏಪ್ರಿಲ್ 16ರಂದು ನವಿ ಮುಂಬಯಿಯ ಖಾರಘರ್ ಬಯಲಿನಲ್ಲಿ ಸರ್ಕಾರಿ ಪ್ರಶಸ್ತಿ ಸಮಾರಂಭಕ್ಕೆ ಬಂದು ಗಂಟೆಗಟ್ಟಲೆ ಬಿಸಿಲಿನಲ್ಲಿ ಕೂತವರಲ್ಲಿ ಹದಿನಾಲ್ಕು ಜನ ಸತ್ತರು. ಅಂದಿನ ಉಷ್ಣಾಂಶ 38ರ ಆಸುಪಾಸು. ಅವರು ಓಡಲಿಲ್ಲ, ನಿಲ್ಲಲೂ ಇಲ್ಲ, ಕುಳಿತಿದ್ದರು.

ಫುಟ್‌ಬಾಲಿನವರು ಈ ಅಳತೆಯನ್ನು ಒಪ್ಪಿಕೊಂಡಿದ್ದಾರೆ. ಅದು 32 ದಾಟಿದರೆ ಪ್ರತಿ ಅರ್ಧದಲ್ಲೂ ತಂಪಿನ ವಿರಾಮ ಎಂದು ಫಿಫಾ ಗೊತ್ತುಮಾಡಿತು. 2014ರ ವಿಶ್ವಕಪ್ಪಿನಲ್ಲಿ, ಫೋರ್ಟಲೇಜಾದ ನೆದರ್‌ಲೆಂಡ್ಸ್–ಮೆಕ್ಸಿಕೊ ಪಂದ್ಯದಲ್ಲಿ, ಅಂಥ ವಿರಾಮವನ್ನು ಜಗತ್ತು ನೋಡಿತು. ಆಟಗಾರರ ಜಾಗತಿಕ ಸಂಘಟನೆ ಫಿಫ್‌ಪ್ರೊಗೆ ಅದೂ ಸಾಲದು. 28 ದಾಟಿದರೆ ಪಂದ್ಯವನ್ನೇ ಮುಂದೂಡಿ ಎನ್ನುತ್ತದೆ ಅದು. ಆಟಗಾರರಿಗೆ ಸಂಘಟನೆಯಿದೆ, ಹಾಗಾಗಿ ಅವರಿಗೊಂದು ಅಂಕಿಯಿದೆ. ಸಹಾಯಕ ರೆಫ್ರಿಗೆ? 2024ರ ಜೂನ್ 25ರಂದು ಅಮೆರಿಕದ ಕ್ಯಾನ್ಸಸ್ ಸಿಟಿಯಲ್ಲಿ ಕೊಪಾ ಅಮೆರಿಕಾದ ಪೆರು–ಕೆನಡಾ ಪಂದ್ಯದ ಮೊದಲರ್ಧ ಮುಗಿಯುವ ಹೊತ್ತಿಗೆ ಗ್ವಾಟೆಮಾಲಾದ ಸಹಾಯಕ ರೆಫ್ರಿ ಗೆರೆಯ ಪಕ್ಕದಲ್ಲೇ ಕುಸಿದು ಬಿದ್ದರು. ಅವರು ಬಿದ್ದದ್ದನ್ನು ಕಂಡು ಕೈಬೀಸಿ ಆಟ ನಿಲ್ಲಿಸಲು ಕೂಗಿದವರು ಕೆನಡಾದ ಗೋಲ್‌ಕೀಪರ್. ಕ್ರೀಡಾಂಗಣದ ಅಷ್ಟೂ ಕ್ಯಾಮೆರಾಗಳು ಚೆಂಡಿನ ಹಿಂದಿದ್ದವು. ಅದು ಖಂಡಾಂತರ ಪಂದ್ಯಾವಳಿ. ನಿಮಿಷದೊಳಗೆ ವೈದ್ಯರು, ಸ್ಟ್ರೆಚರ್, ಬದಲಿ ಅಧಿಕಾರಿ ಎಲ್ಲ ಇತ್ತು. ನಮ್ಮಲ್ಲಿ ಇದ್ದದ್ದು ತಂಪು ಪಾನೀಯದ ಪೆಟ್ಟಿಗೆ.

ರೆಫ್ರಿ ಒಂದು ಪಂದ್ಯದಲ್ಲಿ ಹತ್ತು ಹನ್ನೆರಡು ಕಿಲೋಮೀಟರು ಓಡುತ್ತಾನೆ, ಹೆಚ್ಚಿನ ಸಂದರ್ಭಗಳಲ್ಲಿ ತನಗಿಂತ ಹದಿನೈದು ವರ್ಷ ಕಿರಿಯರ ಹಿಂದೆ. ಅವನಿಗೆ ಬದಲಿ ಆಟಗಾರನಿಲ್ಲ. 1990ರ ದಶಕದವರೆಗೂ ಅವನ ಉಡುಪು ಕಪ್ಪು. ಅಂಪೈರು ಓಡುವುದಿಲ್ಲ ನಿಜ, ಆದರೆ ಅವನ ಲೆಕ್ಕ ಬೇರೆಯೇ ಇದೆ. ಬ್ಯಾಟಿಂಗ್ ತಂಡದ ಒಂಬತ್ತು ಜನ ನೆರಳಲ್ಲಿರುತ್ತಾರೆ. ಕ್ಷೇತ್ರರಕ್ಷಣೆಯವನು ಸುಸ್ತಾದರೆ ಹೊರಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರಬಹುದು. ಬೌಂಡರಿ ಗೆರೆಯ ಬಳಿ ನಿಂತವನಿಗೆ ಬಾಟಲಿ ಬರುತ್ತದೆ. ಮೊದಲ ಎಸೆತದಿಂದ ಕೊನೆಯ ಎಸೆತದವರೆಗೆ ಬಿಸಿಲಿನಲ್ಲಿ ನಿಂತಿರುವವರು ಇಡೀ ಮೈದಾನದಲ್ಲಿ ಇಬ್ಬರೇ. ಅವರ ಕೈಯಲ್ಲಿ ಬೌಲರನ ಟೋಪಿ ಬೇರೆ. 50 ಓವರಿನ ಪಂದ್ಯ ಪೂರ್ತಿ ನಡೆದರೆ ಇಬ್ಬರೂ ಸೇರಿ ಕನಿಷ್ಠ ಆರುನೂರು ಸಲ, ಮುಂಗಾಲು ಗೆರೆ ದಾಟಿತೇ ಎಂದು ನೋಡಿ, ಕ್ಷಣಾರ್ಧದಲ್ಲಿ ಕಣ್ಣೆತ್ತಿ ಆಚೆ ತುದಿಯ ಬ್ಯಾಟನ್ನೋ ಪ್ಯಾಡನ್ನೋ ಹಿಡಿಯಬೇಕು. ಮೈಯ ತೂಕದ ಶೇಕಡ ಎರಡರಷ್ಟು ನೀರು ಹೋದರೆ ಗಮನ ಸಡಿಲವಾಗತೊಡಗುತ್ತದೆ ಎನ್ನುತ್ತಾರೆ ವೈದ್ಯರು. ಎಪ್ಪತ್ತು ಕಿಲೋ ತೂಕದವನಿಗೆ ಅದು ಒಂದೂವರೆ ಲೀಟರಿಗೂ ಕಡಿಮೆ. ಮೇ ತಿಂಗಳಲ್ಲಿ ಎರಡು ಗಂಟೆಯ ಬೆವರು. ಮೈಯೊಳಗಿನ ಉಷ್ಣಾಂಶ 40 ದಾಟಿ, ಮಾತು ತಡವರಿಸಿ, ಎಣಿಕೆ ತಪ್ಪಿ, ಸಿಡುಕು ಅಥವಾ ಮಂಕು ಕವಿದರೆ ಅದು ಆಯಾಸವಲ್ಲ, ಶಾಖಾಘಾತ. ಮೊದಲ ಅರ್ಧ ಗಂಟೆಯೊಳಗೆ ಮೈ ತಣಿಸಬೇಕು. ಮೊದಲು ತಣಿಸಿ, ಆಮೇಲೆ ಆಸ್ಪತ್ರೆಗೆ ಸಾಗಿಸಬೇಕು. ಮಂಜುಗಡ್ಡೆಯ ನೀರಿನ ತೊಟ್ಟಿಯಲ್ಲಿ ಕೂರಿಸುವುದು ಎಲ್ಲಕ್ಕಿಂತ ಒಳ್ಳೆಯದು. ಎರಡು ಸಲ ಏಳು ಎಸೆತ ಹಾಕಿಸಿದಾಗಲೇ ಮೇಷ್ಟ್ರ ಮಿದುಳು ನನಗೆ ಸುದ್ದಿ ಕಳಿಸಿತ್ತು. ನಾನದನ್ನು ವಯಸ್ಸಿನ ಮರೆವೆಂದು ಓದಿಕೊಂಡೆ.

ಇಷ್ಟು ಹೇಳಿದೊಡನೆ ಬರುವ ಮಾತು ನನಗೆ ಗೊತ್ತು. “ರೈತ ಬಿಸಿಲಲ್ಲಿ ದುಡಿಯುವುದಿಲ್ಲವೇ? ಗಾರೆ ಕೆಲಸದವರು? ನಿಮ್ಮದು ಆಟ ಕಣ್ರೀ!” ದುಡಿಯುತ್ತಾರೆ, ಸಾಯುತ್ತಾರೆ ಕೂಡ, ಅವರ ಸಾವನ್ನು ನಮ್ಮ ಬಾಯಿ ಮುಚ್ಚಿಸಲು ಬಳಸುವುದು ಅವರಿಗೂ ಮಾಡುವ ಅವಮಾನ. ಆದರೆ ರೈತನಿಂದ ಕಲಿಯುವುದಾದರೆ ಪೂರ್ತಿ ಕಲಿಯಬೇಕಲ್ಲವೇ? ನಾನು ಹುಟ್ಟಿ ಬೆಳೆದ ಕಲಬುರಗಿ ಸೀಮೆಯಲ್ಲಿ ಯಾವ ರೈತನೂ ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಹೊಲದ ನಡುವೆ ಕಪ್ಪು ಪ್ಯಾಂಟು ತೊಟ್ಟು ನಿಂತಿರುವುದಿಲ್ಲ. ನಸುಕಿನಲ್ಲಿ ಹೋಗುತ್ತಾನೆ, ಬಿಸಿಲೇರುವಷ್ಟರಲ್ಲಿ ಬೇವಿನ ಮರದ ಕೆಳಗೆ ರೊಟ್ಟಿ ಬಿಚ್ಚಿ, ಮಜ್ಜಿಗೆ ಕುಡಿದು ಮಲಗುತ್ತಾನೆ. ನಮ್ಮೂರಿನ ನಾಯಿಗೂ ಈ ವಿವೇಕವಿದೆ. ಸರ್ಕಾರಕ್ಕೂ ಇದೆ: ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಬೇಸಿಗೆಯಲ್ಲಿ ರಾಜ್ಯ ಸರ್ಕಾರಿ ಕಚೇರಿಗಳ ವೇಳೆ ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಗೆ ಬದಲಾಗುತ್ತದೆ. ಫ್ಯಾನಿನ ಕೆಳಗೆ ಕೂತ ಗುಮಾಸ್ತನಿಗೆ ಕೊಟ್ಟ ರಿಯಾಯಿತಿಯನ್ನು ಬಯಲಲ್ಲಿ ನಿಂತವನಿಗೆ ಕೊಟ್ಟರೆ ಆಟದ ಮಾನ ಹೋಗುತ್ತದೆಯೇ?

“ರೂಢಿಯಾಗುತ್ತದೆ” ಎಂಬುದು ಇನ್ನೊಂದು ವಾದ. ಇದು ಅರ್ಧ ಸತ್ಯ, ಅದಕ್ಕೇ ಹೆಚ್ಚು ಅಪಾಯಕಾರಿ. ಮೈ ಬಿಸಿಲಿಗೆ ಹೊಂದಿಕೊಳ್ಳುತ್ತದೆ, ಆದರೆ ಅದಕ್ಕೆ ದಿನವೂ ಬಿಸಿಲಿನಲ್ಲಿ ದುಡಿದು ಹತ್ತು ಹದಿನಾಲ್ಕು ದಿನಗಳು ಬೇಕು. ಬಿಟ್ಟರೆ ಕೆಲವೇ ವಾರಗಳಲ್ಲಿ ಆ ಗಳಿಕೆ ಕರಗುತ್ತದೆ. ವಾರದ ಐದು ದಿನ ಹವಾನಿಯಂತ್ರಿತ ಕೋಣೆಯಲ್ಲಿ ಕಡತಗಳ ನಡುವೆ ಕೂತು ಭಾನುವಾರ ಮೈದಾನಕ್ಕಿಳಿಯುವ ನನ್ನಂಥವನ ಮೈಗೆ ಯಾವ ರೂಢಿ? ಕಲಬುರಗಿಯಲ್ಲಿ ಹುಟ್ಟಿದವನೆಂಬ ಜಂಬ ನನಗೂ ಇತ್ತು. ಬಿಸಿಲಿಗೆ ಜನ್ಮಪತ್ರ ಓದಲು ಬರುವುದಿಲ್ಲ.

“ಮಕ್ಕಳಿಗೆ ರಜೆ ಇರುವುದೇ ಆಗ” ಎನ್ನುತ್ತಾರೆ. ಸರಿ. ರಜೆಯ ದಿನಕ್ಕೆ ಬೆಳಗ್ಗೆ ಆರು ಗಂಟೆಯೂ ಇದೆ. ದೆಹಲಿಯಲ್ಲಿ ಮೇ ತಿಂಗಳ ಸೂರ್ಯ ಐದೂವರೆಗೇ ಎದ್ದಿರುತ್ತಾನೆ. ಆರಕ್ಕೆ ಶುರುಮಾಡಿದರೆ 20 ಓವರುಗಳ ಒಂದು ಪಂದ್ಯ ಒಂಬತ್ತೂವರೆಗೆ ಮುಗಿಯುತ್ತದೆ. ಹಾಗೆ ಮಾಡದಿರುವುದಕ್ಕೆ ಕಾರಣ ಹಣ. ಮೈದಾನದ ಬಾಡಿಗೆ ದಿನದ ಲೆಕ್ಕ. ದಿನಕ್ಕೊಂದು ಪಂದ್ಯವಾಡಿಸಿದರೆ ನಷ್ಟ, ಎರಡಾದರೆ ಸಮ, ಮೂರಾದರೆ ಲಾಭ. ಆ ಲಾಭ ನಿಂತಿರುವುದು ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ಹೊತ್ತಿನ ಮೇಲೆ. ತಂದೆತಾಯಿಗಳು ಶುಲ್ಕ ಕಟ್ಟಿದ್ದಾರೆ, ವಿಡಿಯೊ ಮಾಡಿಸುವವನು ಬಂದಿದ್ದಾನೆ, ಕಪ್ಪು ಹೊಳೆಯುತ್ತಿದೆ. ಇಷ್ಟೆಲ್ಲದರ ಎದುರು ಆಟ ನಿಲ್ಲಿಸುವ ಪರಮಾಧಿಕಾರವನ್ನು ಯಾರ ಕೈಗೆ ಕೊಟ್ಟಿದ್ದೇವೆ? ಪಂದ್ಯ ನಡೆದರೆ ಮಾತ್ರ ಹಣ ಪಡೆಯುವ, ಮುಂದಿನ ವಾರ ಕರೆ ಬರುವುದೋ ಇಲ್ಲವೋ ತಿಳಿಯದ ಮನುಷ್ಯನ ಕೈಗೆ. ನ್ಯಾಯಾಧೀಶನಿಗೆ ದಿನಗೂಲಿ ಕೊಟ್ಟು, ಆ ಕೂಲಿಯನ್ನು ಪ್ರತಿವಾದಿಯ ಕೈಯಿಂದ ಕೊಡಿಸಿದಂತೆ ಇದು. ನಿಯಮಪುಸ್ತಕದ ಅಧಿಕಾರ ಎಷ್ಟೇ ದೊಡ್ಡದಾದರೂ ಆ ಏಳುನೂರ ಐವತ್ತು ರೂಪಾಯಿಯ ಲಕೋಟೆ ಅದನ್ನು ಮಡಚಿ ಒಳಗಿಟ್ಟುಕೊಳ್ಳುತ್ತದೆ.

ಅಂಪೈರ್ ಎಂಬ ಪದಕ್ಕೂ ಒಂದು ಕಥೆಯಿದೆ. ಹಳೆಯ ಫ್ರೆಂಚಿನ ‘ನೊನ್‌ಪೆರ್’ ಅದರ ಮೂಲ: ಜೋಡಿಯಿಲ್ಲದವನು, ಇಬ್ಬರ ನಡುವೆ ನಿಂತ ಮೂರನೆಯವನು. ಇಂಗ್ಲಿಷರ ಬಾಯಲ್ಲಿ ‘ಎ ನಂಪೈರ್’ ಎಂಬುದು ಸವೆದು ‘ಆ್ಯನ್ ಅಂಪೈರ್’ ಆಯಿತು. ಒಂದು ‘ನ’ಕಾರ ಜಾರಿ ಪಕ್ಕದ ಪದಕ್ಕೆ ಅಂಟಿಕೊಂಡಿತು. ಎಂ.ಎ. ತರಗತಿಯಲ್ಲಿ ಇದನ್ನು ಓದಿದಾಗ ತಮಾಷೆಯೆನಿಸಿತ್ತು. ಯಾವ ತಂಡಕ್ಕೂ ಸೇರದವನ ನೀರಿನ ಬಾಟಲಿ ಯಾವ ತಂಡದ ಪೆಟ್ಟಿಗೆಯಲ್ಲೂ ಇರುವುದಿಲ್ಲ ಎಂಬುದು ಆಗ ತಿಳಿದಿರಲಿಲ್ಲ.

ಸರ್ಕಾರದೊಳಗೆ ಕೂತವನಾಗಿ ಒಂದು ಮಾತು. 2024ರ ಆ ಬೇಸಿಗೆಯಲ್ಲಿ ವಿಪತ್ತು ಪರಿಹಾರ ನಿಧಿಗೆ ಅರ್ಹವಾದ ವಿಪತ್ತುಗಳ ರಾಷ್ಟ್ರೀಯ ಪಟ್ಟಿಯಲ್ಲಿ ಶೀತಗಾಳಿ ಇತ್ತು, ಹಿಮಪಾತ ಇತ್ತು, ಕೀಟಬಾಧೆ ಇತ್ತು, ಬಿಸಿಗಾಳಿ ಇರಲಿಲ್ಲ. ನಮ್ಮ ಆಡಳಿತವೂ ಕ್ರಿಕೆಟ್ ನಿಯಮಾವಳಿಯ ಹಾಗೆ ತಣ್ಣನೆಯ ದೇಶವೊಂದರಲ್ಲಿ ಕೂತು ಬರೆದಂತೆ ಕಾಣುತ್ತದೆ. ಆದರೆ ಎಲ್ಲವೂ ಹಾಗಲ್ಲ. 2010ರ ಮೇ ತಿಂಗಳಲ್ಲಿ ಅಹಮದಾಬಾದಿನಲ್ಲಿ 46.8 ಡಿಗ್ರಿ ಬಿಸಿಲು ಬಡಿದು, ವಾಡಿಕೆಗಿಂತ 1,344 ಸಾವುಗಳು ಹೆಚ್ಚಾದ ಮೇಲೆ ಆ ನಗರಸಭೆ ಎಚ್ಚೆತ್ತು 2013ರಲ್ಲಿ ಬಿಸಿಲಿಗೊಂದು ಕಾರ್ಯಯೋಜನೆ ಮಾಡಿತು. ಒಂದು ನಗರಕ್ಕೆ ಸಾಧ್ಯವಾದದ್ದು ಒಂದು ಟೂರ್ನಿಗೆ ಅಸಾಧ್ಯವೇ?

ಈ ವರ್ಷ ಮಾರ್ಚಿನಲ್ಲಿ ಅದೇ ಟೂರ್ನಿಯ ಸಂಘಟಕರಿಂದ ನನಗೆ ಕರೆ ಬಂತು. ಬರುತ್ತೇನೆ, ಆದರೆ ನಾಲ್ಕು ಮಾತು ಒಪ್ಪಬೇಕು ಎಂದು ಪತ್ರ ಬರೆದೆ. ಕಪ್ಪು ಗೋಳದ ಮಾಪಕವೊಂದನ್ನು ಕೊಳ್ಳಿ. ಒಂದು ಒಳ್ಳೆಯ ಇಂಗ್ಲಿಷ್ ವಿಲೋ ಬ್ಯಾಟಿನ ಬೆಲೆಯ ಆಸುಪಾಸಿನಲ್ಲಿ ಸಿಗುತ್ತದೆ. ಅದು 32 ದಾಟಿದರೆ ಆಟ ನಿಲ್ಲಲಿ. ಅದನ್ನು ಅಂಪೈರುಗಳ ಧೈರ್ಯಕ್ಕೆ ಬಿಡದೆ ಟೂರ್ನಿಯ ನಿಯಮದಲ್ಲೇ ಮುದ್ರಿಸಿ. ಬಿಸಿಲಿಗೆ ನಿಂತ ಪಂದ್ಯಕ್ಕೂ ಅಂಪೈರುಗಳಿಗೆ, ಸ್ಕೋರರಿಗೆ ಪೂರ್ತಿ ಸಂಭಾವನೆ ಕೊಡಿ. ಮೂರನೆಯ ಅಂಪೈರನ್ನು ಕರೆಸಿ, ಗಂಟೆಗೊಬ್ಬರಂತೆ ನೆರಳಿಗೆ ಬರಲಿ. ಪಕ್ಕದಲ್ಲೊಂದು ನೀರಿನ ತೊಟ್ಟಿ, ಮಂಜುಗಡ್ಡೆ ಇರಲಿ. ಪತ್ರದ ಪ್ರತಿಯನ್ನು ಮೇಷ್ಟ್ರಿಗೂ ತೋರಿಸಿದೆ. ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, “ಸ್ಕೋರರನ್ನ ಮರೀಲಿಲ್ಲಲ್ಲ, ಛಲೋ ಆತು” ಎಂದರು. ಅವರು ಕೂತಿದ್ದ ಕುರ್ಚಿಯ ಹಿಂದೆ, ಗೋಡೆಯ ಮೊಳೆಗೆ, ಅಗಲ ಅಂಚಿನ ಆ ಬಿಳಿ ಟೋಪಿ ಇನ್ನೂ ತೂಗುತ್ತಿತ್ತು.

ಪತ್ರಕ್ಕೆ ಉತ್ತರ ಬಂದಿಲ್ಲ. ವೇಳಾಪಟ್ಟಿ ಮಾತ್ರ ಮೊನ್ನೆ ಬಂತು. ಮೊದಲ ಪಂದ್ಯ ಬೆಳಗ್ಗೆ ಒಂಬತ್ತಕ್ಕೆ, ಎರಡನೆಯದು ಮಧ್ಯಾಹ್ನ ಒಂದಕ್ಕೆ. ಅಂಪೈರುಗಳ ಹೆಸರಿನ ಜಾಗದಲ್ಲಿ ನನ್ನದಿರಲಿಲ್ಲ, ಬೇರೆ ಇಬ್ಬರದಿತ್ತು. ಒಬ್ಬರು ನನಗೆ ಗೊತ್ತು, ನಿವೃತ್ತರು. ಅವರ ದೂರವಾಣಿ ಸಂಖ್ಯೆ ಹುಡುಕುತ್ತಿದ್ದೇನೆ.